ಕಾರ್ಡಿಗೆ ಕಟ್ಟಿದ ಕೆಂಪು ಬಟ್ಟೆ

ಶನಿವಾರ ಬೆಳಗ್ಗೆ ಸ್ವಾಮಿ ಬೈಕಿನ ಕಿಕ್ಕರ್ ಮೇಲೆ ಒಂದು ಕಾಲಿಟ್ಟು, ದಂಡಯಾತ್ರೆಗೆ ಹೊರಟ ಪಾಳೇಗಾರನ ಠೀವಿಯಲ್ಲಿ ಹೆಂಡತಿಗೆ ವಚನ ಕೊಟ್ಟ.

"ಎಂಥ ಕಾರ್ಡ್ ತತ್ತೀನಿ ನೋಡ್ತಿರು ಕಣೆ! ನಾಳೆ ನಿನ್ ಕಾರು ಆ ಪರದೆ ಅರ್ಕೊಂಡು ಆಚೆ ಬಂದು ಆತಗೂರು ಸರ್ಕಲ್‌ನಲ್ಲಿ ನಿಲ್ಬೇಕು!"

"ಆಚೆ ಬರೋದೇನೂ ಬ್ಯಾಡ, ಒಳಗೇ ನೆಟ್ಟಗೆ ಓಡುದ್ರೆ ಸಾಕು," ಎಂದಳು ಕವಿತ. "ನಿಮ್ ಫೋನಿಗೆ ಫೋಟೋ ಆಕಿವ್ನಿ. ಅದ್ನೇ ತನ್ನಿ. ಅದು ಬುಟ್ಟು ಬ್ಯಾರೇದು ಮುಟ್ಬ್ಯಾಡಿ."

ಕವಿತಳ ವಿಷಯ ಊರಿಗೆಲ್ಲ ಗೊತ್ತು. ಬೆಳಗ್ಗೆ, ಸಾಯಂಕಾಲ ಡೇರಿಯಲ್ಲಿ ಕೂತು ಹಾಲಿನ ಫ್ಯಾಟ್ ನೋಡಿ "ನೀರು ಜಾಸ್ತಿ ಆಯ್ತು ಕಣಮ್ಮ" ಎನ್ನುವ ಆ ಸಾಧ್ವಿ, ಮಧ್ಯಾಹ್ನ ಮಾತ್ರ ಕಂಪ್ಯೂಟರ್ ಮುಂದೆ ಕೂತು ಇನ್ನೂರು ಕಿಲೋಮೀಟರ್ ವೇಗದಲ್ಲಿ ರೇಸು ಕಾರು ಓಡಿಸುತ್ತಿದ್ದಳು. ಹಲಗೂರಿನಲ್ಲಿರುವ ತಂಗಿ ಅರ್ಪಿತ ಅವಳ ಜೋಡಿ. ಮಂಡ್ಯ, ಮಳವಳ್ಳಿ, ಕೆರಗೋಡಿನ ಹೆಂಗಸರೆಲ್ಲ ಸೇರಿ ಕಟ್ಟಿಕೊಂಡ ಜೋಡಿ ರೇಸಿನಲ್ಲಿ ಅಕ್ಕತಂಗಿಯರು ಮೊದಲ ಸಲ ಫೈನಲ್ ಮುಟ್ಟಿದ್ದರು. ಭಾನುವಾರ ಮಧ್ಯಾಹ್ನ ಫೈನಲ್ಲು. ತೊಂದರೆ ಒಂದೇ. ಪರದೆಯ ಮೇಲೆ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಗಿತ್ತು. ತಿರುವು ಬಂದರೆ ಸಾಕು, ಕೆರೆಗಿಳಿದ ಎಮ್ಮೆಯ ಹಾಗೆ ಕಾರು ನಿಂತೇ ಬಿಡುತ್ತಿತ್ತು. ಮದುವೆಯಾದಾಗಿನಿಂದ ಗಂಡನನ್ನು ಬಾಯಿಬಿಟ್ಟು ಏನನ್ನೂ ಕೇಳದ ಕವಿತ ಮೊದಲ ಸಲ ಕೇಳಿದ್ದು ಇದನ್ನೇ.

ಕೇಳಿದ್ದು ಮಾತ್ರ ಸ್ವಾಮಿಯನ್ನು! ಮದ್ದೂರಿನಲ್ಲಿ ಅವನದು ಕಬ್ಬಿನ ಟ್ರೈಲರ್ ಕಟ್ಟುವ ವರ್ಕ್‌ಶಾಪು. ಯಾವ ರೈತ ಬಂದು "ಲೋಡು ಇಡೀತಿಲ್ಲ ಸ್ವಾಮಣ್ಣ" ಅಂದರೂ ಅವನ ಹತ್ತಿರ ಒಂದೇ ಉತ್ತರ: ಕೊಯ್ಯಿ, ಉದ್ದ ಮಾಡು, ವೆಲ್ಡ್ ಮಾಡು. ಹಿಡಿಸದ ಸಾಮಾನನ್ನು ಹಿಂದಕ್ಕೆ ಕಳಿಸಿದ ಕಳಂಕ ಅವನ ವಂಶದಲ್ಲೇ ಇರಲಿಲ್ಲ.

ಮಂಡ್ಯದ ಅಂಗಡಿಯಲ್ಲಿ ಫೋಟೋದ ಕಾರ್ಡನ್ನೇ ತೆಗೆದು ಮುಂದಿಟ್ಟರು. ಗೇಣುದ್ದ, ಒಂದೇ ಫ್ಯಾನು. ಸ್ವಾಮಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದ. ಮುಖ ಸಪ್ಪಗಾಯಿತು.

"ಇದೇನ್ಲಾ ಇದು, ಪೆನ್ಸಿಲ್ ಡಬ್ಬಿ ಇದ್ದಂಗದೆ! ನಿಮ್ಮಲ್ಲಿ ದೊಡ್ಡದು ಯಾವ್ದದೆ ತಗಿ."

ಅಂಗಡಿಯ ಪ್ರಸನ್ನ ದೊಡ್ಡದನ್ನು ಎರಡು ಕೈಯಲ್ಲಿ ಎತ್ತಿ ತಂದ. ಮೂರು ಫ್ಯಾನು, ಇಟ್ಟಿಗೆಯಷ್ಟು ದಪ್ಪ, ಮೈತುಂಬ ಬಣ್ಣದ ಲೈಟು. ಮದುವೆ ಮನೆಯ ಚಪ್ಪರವೇ ನಡೆದು ಬಂದ ಹಾಗಿತ್ತು.

"ಅಣ್ಣ, ನಿಮ್ ಕ್ಯಾಬಿನೆಟ್ ಅಳತೆ ಎಷ್ಟು? ಇದಕ್ಕೆ ಕರೆಂಟೂ ಜಾಸ್ತಿ ಬೇಕು."

"ಅಳತೆ ಕೇಳೋನು ನಾನು ಕಣ್ಲಾ! ನನ್ನೇ ಕೇಳ್ತೀಯಾ?"

"ಆಯ್ತಣ್ಣ. ಹಿಡಿಸದಿದ್ರೆ ಸೋಮವಾರ ತನ್ನಿ, ಬದಲಾಯಿಸಿ ಕೊಡ್ತೀನಿ. ಒಂದು ಗೀರೂ ಬಿದ್ದಿರಬಾರದು ಅಷ್ಟೆ."

ಕವಿತ ಸಾಯಂಕಾಲದ ಹಾಲಿಗೆ ಡೇರಿಗೆ ಹೋಗಿದ್ದಳು. ಸ್ವಾಮಿ ಕಂಪ್ಯೂಟರ್ ಬಿಚ್ಚಿ, ಹಳೆಯ ಕಾರ್ಡನ್ನು ಕಿತ್ತು, ಹೊಸದನ್ನು ತೂರಿಸಿದ. ಹೋಗಲಿಲ್ಲ. ಓರೆ ಮಾಡಿ ತೂರಿಸಿದ. ಮುಂದಿನ ತಗಡು ಅಡ್ಡ ಬಂತು. ಇನ್ನೊಬ್ಬನಾಗಿದ್ದರೆ ಇಲ್ಲಿಗೆ ಬುದ್ಧಿ ಬಂದು ಕಾರ್ಡನ್ನು ಡಬ್ಬಿಯೊಳಗೆ ಮಲಗಿಸುತ್ತಿದ್ದ. ಸ್ವಾಮಿ ಕಂಪ್ಯೂಟರನ್ನೇ ಬೈಕಿನ ಹಿಂದೆ ಕಟ್ಟಿಕೊಂಡು ವರ್ಕ್‌ಶಾಪಿಗೆ ಹೊರಟ!

ಒಳಗಿನ ಸಾಮಾನು ಬಿಚ್ಚಿಟ್ಟು ಕೊಯ್ಯಬಹುದಿತ್ತು. ಆದರೆ ಟ್ರೈಲರ್ ಕೊಯ್ಯುವಾಗ ಯಾರಾದರೂ ಟ್ರ್ಯಾಕ್ಟರಿನ ಇಂಜಿನ್ ಇಳಿಸುತ್ತಾರೆಯೇ? ತಗಡು ಕೊಯ್ಯುವ ಗ್ರೈಂಡರ್ ಗರ್ಜಿಸಿತು. ದೀಪಾವಳಿ ಅಕಾಲದಲ್ಲಿ ಬಂತು. ಕಬ್ಬಿಣದ ಪುಡಿ ಹಬ್ಬದ ಅಕ್ಷತೆಯಂತೆ ಕಂಪ್ಯೂಟರಿನ ಹೊಟ್ಟೆಯೊಳಗೆಲ್ಲ ಉದುರಿತು. ಸ್ವಾಮಿ ಅದನ್ನು ಉಫ್ ಉಫ್ ಎಂದು ಬಾಯಿಂದ ಊದಿ, ಕಾರ್ಡನ್ನು ತಳ್ಳಿದ. ಹೋಯಿತು! ಮೂತಿ ಮಾತ್ರ ನಾಲ್ಕು ಬೆರಳು ಆಚೆಗೆ ಚಾಚಿಕೊಂಡಿತು. ಕೈ ಅಭ್ಯಾಸ, ಮೂಲೆಯಲ್ಲಿದ್ದ ಕೆಂಪು ಬಟ್ಟೆಯ ಚೂರೊಂದನ್ನು ಅದರ ತುದಿಗೆ ಕಟ್ಟಿಯೇ ಬಿಟ್ಟ.

ಕಂಪ್ಯೂಟರ್ ಮತ್ತೆ ನಡುಮನೆಗೆ ಬಂದು ಕೂತಿತ್ತು. ಕವಿತ ಡೇರಿಯಿಂದ ಬಂದವಳು ಬಾಗಿಲಲ್ಲೇ ನಿಂತಳು.

"ಏನ್ರೀ ಇದು?"

"ಕಾರ್ಡು ಕಣೆ! ಮೂರು ಫ್ಯಾನು!"

"ನಾನು ಯೋಳಿದ್ದು ಇದಲ್ಲ. ಅದ್ಸರಿ, ಆ ಕೆಂಪು ಬಟ್ಟೆ ಯಾಕೆ?"

"ಲೋಡು ಆಚೆ ಬಂದದಲ್ಲ, ಹಿಂದೆ ಬರೋ ಗಾಡಿಯೋರಿಗೆ ಕಾಣ್ಲಿ ಅಂತ."

"ನಡುಮನೇಲಿ ಹಿಂದೆ ಯಾವ್ ಗಾಡಿ ಬತ್ತದ್ರೀ?"

ಸ್ವಾಮಿ ಉತ್ತರದ ಬದಲು ಸ್ವಿಚ್ಚು ಒತ್ತಿದ. ಟಪ್ಪೆಂದು ಒಂದು ಸದ್ದು. ಬಣ್ಣದ ಲೈಟೆಲ್ಲ ಒಮ್ಮೆ ಮಿಂಚಿ ಆರಿತು. ಸುಟ್ಟ ವಾಸನೆಯ ಹೊಗೆಯೊಂದು ಸುರುಳಿ ಸುತ್ತಿ ಮೇಲೆದ್ದಿತು, ಜೊತೆಗೆ ಮನೆಯ ಕರೆಂಟೂ ಹೋಯಿತು. ಕರೆಂಟು ಮತ್ತೆ ಬಂತು. ಕಂಪ್ಯೂಟರ್ ಬರಲಿಲ್ಲ. ಹಳೆಯ ಕಾರ್ಡು ಹಾಕಿದರೂ ಮಿಸುಕಲಿಲ್ಲ. ಎಮ್ಮೆಯಾದರೂ ಇತ್ತು, ಈಗ ಕೆರೆಯೇ ಬತ್ತಿತ್ತು.

ಕವಿತ ಬೈದಿದ್ದರೆ ಸ್ವಾಮಿ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಕಂಪ್ಯೂಟರಿಗೆ ಒಂದು ಟವೆಲ್ ಹೊದಿಸಿ, ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಊಟಕ್ಕೆ ಬಡಿಸಿದ ಸಾರಿನಲ್ಲಿ ಉಪ್ಪು ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ಸ್ವಾಮಿಗೆ ನಿಜಕ್ಕೂ ಹೆದರಿಕೆಯಾಗಿದ್ದು ಆಗಲೇ.

ಭಾನುವಾರ ಮಂಡ್ಯದ ಅಂಗಡಿಗೆ ರಜೆ. "ಅಲಗೂರಿಗೆ ಬುಟ್ಬತ್ತೀನಿ, ಅರ್ಪಿತನ ಮನೇಲಿ ಆಡು" ಎಂದು ಅಂಗಲಾಚಿದ. "ಜೋಡಿ ರೇಸು ಕಣ್ರೀ. ಅವ್ಳಿಗೊಂದು, ನಂಗೊಂದು ಬೇಕು. ಅವ್ಳ ಮನೇಲಿರೋದು ಒಂದೇ," ಎಂದಳು. ಅಷ್ಟೇ ಮಾತು.

ಮಧ್ಯಾಹ್ನ ಫೈನಲ್ಲಿನ ಹೊತ್ತಿಗೆ ಕವಿತ ಜಗಲಿಯ ಮೇಲೆ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಫೋನಿನಲ್ಲೇ ರೇಸಿನ ಹೆಂಗಸರ ಮಾತುಕತೆಗೆ ಸೇರಿಕೊಂಡು ರೇಸು ನೋಡುತ್ತಿದ್ದಳು. ಜೋಡಿಯಿಲ್ಲದೆ ಅರ್ಪಿತ ಒಬ್ಬಳೇ ಓಡಿಸುತ್ತಿದ್ದಳು. ತಿರುವು ಬಂದಾಗಲೆಲ್ಲ ಕವಿತಳ ಕೈ, ಇಲ್ಲದ ಸ್ಟೀರಿಂಗನ್ನು ಹಿಡಿದು ಸಣ್ಣಗೆ ಹೊರಳುತ್ತಿತ್ತು. ಕಂಬದ ಮರೆಯಲ್ಲಿ ನಿಂತಿದ್ದ ಸ್ವಾಮಿ ಆ ಕೈಗಳನ್ನು ನೋಡಿದ. ಹೋಗಿ ಅವಳ ಬೆನ್ನ ಹಿಂದೆ ಕೂತ.

"ಕವಿತ, ತಪ್ಪಾಯ್ತು ಕಣೆ," ಎಂದ. ಇಷ್ಟು ವರ್ಷದಲ್ಲಿ ಆ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು. ಒಮ್ಮೆ ಬಂದದ್ದೇ ತಡ, ಕಟ್ಟೆಯೊಡೆದ ಕಾಲುವೆಯಾಯಿತು. "ನೀನು ಯೋಳಿದ್ ಕಾರ್ಡು ಅಲ್ಲೇ ಇತ್ತು. ಸಣ್ದಾಯ್ತು ಅಂತ ನಂಗೇ ನಾಚ್ಕೆ ಆಯ್ತು. ಸ್ವಾಮಿ ಎಂಡ್ರಿಗೆ ಇಷ್ಟೇ ಇಷ್ಟು ತಂದವ್ನೆ ಅನ್ಬಾರ್ದು ಅಂತ ಆ ಕೋಣನ್ನ ಒತ್ಕಂಬಂದೆ. ಅದು ನಿನ್ ರೇಸಿಗಲ್ಲ ಕಣೆ, ನನ್ ಮೀಸೆಗೆ ತಂದಿದ್ದು. ನಿನ್ ಫೈನಲ್ನ ನಾನೇ ಕೊಯ್ದಾಕ್ಬುಟ್ಟೆ. ನನ್ನಂಥ ದಡ್ಡ ಈ ಮೂರು ತಾಲೂಕಲ್ಲೂ ಇಲ್ಲ!"

ಕವಿತ ತಿರುಗಲಿಲ್ಲ. ಅವಳ ಭುಜ ಅದುರುತ್ತಿತ್ತು. ಅಳುತ್ತಿದ್ದಾಳೆ! ಸ್ವಾಮಿಯ ಕಣ್ಣೂ ತುಂಬಿ ಬಂತು. ಹೆದರುತ್ತಲೇ ಅವಳ ಭುಜ ಮುಟ್ಟಿದ.

ಅವಳು ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ ತಿರುಗಿದಳು. ನಗು ತಡೆಯಲಾಗದೆ ಮುಖ ಕೆಂಪಾಗಿತ್ತು.

"ಏನಂದ್ರಿ? ಕಾರುಗಳ ಸದ್ದಲ್ಲಿ ನಂಗೊಂದೂ ಕೇಳುಸ್ನಿಲ್ಲ. ಆದ್ರೆ ಮೈಕು ಆನ್ ಆಗಿತ್ತು ಕಣ್ರೀ, ರೇಸಿನೋರೆಲ್ಲ ಗಾಡಿ ನಿಲ್ಸಿ ಕೇಳುಸ್ಕತಾವ್ರೆ. ಅರ್ಪಿತ ಯೋಳ್ತಾವ್ಳೆ, ಭಾವಂಗೆ ಇನ್ನೊಂದ್ಸಲ ಮೊದ್ಲಿಂದ ಯೋಳಾಕೆ ಯೋಳಕ್ಕ, ಮಳವಳ್ಳಿಯೋರಿಗೆ ಸರ್ಯಾಗಿ ಕೇಳುಸ್ನಿಲ್ವಂತೆ."