ಊರಿಗೆ ಹೋಗುವ ವಿದ್ಯೆ

ಎಲ್ಲದಕ್ಕೂ ಕಾರಣ ಒಂದು ಸಣ್ಣ ಸೂಟ್‌ಕೇಸ್. ಆಫೀಸಿನ ಪ್ಯಾಂಟ್ರಿಯ ಮೂಲೆಯಲ್ಲಿ ಅದು ತನ್ನ ಪಾಡಿಗೆ ತಾನು ನಿಂತಿತ್ತು. ಅದನ್ನು ನೋಡಿ ಲತೇಶ ನಗದೆ ಇದ್ದಿದ್ದರೆ ಅವನೂ ತನ್ನ ಪಾಡಿಗೆ ತಾನು ಸುಖವಾಗಿರುತ್ತಿದ್ದ.

"ಎಂತ ಮೇಡಂ, ಇಷ್ಟೇ ಲಗೇಜಾ? ಊರಿಗೆ ಹೋಗ್ತೇನೆ ಅಂತ ಹೇಳಿದ್ರಿ?"

ಇಂಗ್ರಿಡ್ ಮೇಡಂ ಕಾಫಿ ಕಪ್ಪನ್ನು ಕೆಳಗಿಟ್ಟರು. ಅವರದು ನಾರ್ವೆ ಪಾಸ್‌ಪೋರ್ಟು, ಕೊರಿಯಾದ ಮುಖ. ಎದೆಹಾಲು ಬಿಡುವ ಮೊದಲೇ ದತ್ತು ಹೋದ ಕೂಸು ನಾರ್ವೆಯಲ್ಲಿ ಬೆಳೆದು, ಇಂಜಿನಿಯರ್ ಆಗಿ, ಈಗ ದೋಹಾದಲ್ಲಿ ಲತೇಶನ ಪರ್ಚೇಸ್ ಸೆಕ್ಷನ್ನಿಗೆ ಮುಖ್ಯಸ್ಥೆ. ತಮ್ಮಂತೆಯೇ ದೂರದ ದೇಶಗಳಿಗೆ ದತ್ತು ಹೋಗಿ ದೊಡ್ಡವರಾದವರನ್ನೆಲ್ಲ ಕೂಡಿಸಿ ಹುಟ್ಟಿದ ನೆಲ ತೋರಿಸುವ ಪ್ರವಾಸವೊಂದಕ್ಕೆ ಅವರು ಆ ಸಂಜೆ ಹೊರಟಿದ್ದರು. ಬರೀ ನೆಲವಲ್ಲ, ಹೆತ್ತ ತಾಯಿಯೂ ಸಿಕ್ಕಿದ್ದರು. ಕೊರಿಯಾದ ಬುಸಾನ್ ಎಂಬ ಕಡಲೂರಿನಲ್ಲಿದ್ದ ಆ ಮುದುಕಿ ಮಗಳನ್ನು ನೋಡಲು ಒಪ್ಪಿದ್ದರು.

"ನಲವತ್ತಾರು ವರ್ಷದ ಮೇಲೆ ಹೋಗ್ತಿದ್ದೇನೆ ಲತೇಶ್," ಎಂದರು ಮೇಡಂ ಇಂಗ್ಲಿಷಿನಲ್ಲಿ. "ಮನೆಗೆ ಹೇಗೆ ಹೋಗಬೇಕು ಅಂತಲೇ ನನಗೆ ಗೊತ್ತಿಲ್ಲ. ನೀವೆಲ್ಲ ಹೇಗೆ ಹೋಗ್ತೀರಿ?"

ಲತೇಶನ ಎದೆ ಉಬ್ಬಿತು. ಗಣಿತ ಗೊತ್ತಿಲ್ಲ, ಅರಬ್ಬಿ ಅರ್ಧಂಬರ್ಧ, ಕಂಪ್ಯೂಟರಿನ ಮುಂದೆ ಕುಳಿತರೆ ಬೆವರು. ಆದರೆ ಊರಿಗೆ ಹೋಗುವ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಕತಾರಿನಲ್ಲೇ ಇರಲಿಲ್ಲ ಎಂದು ಅವನ ನಂಬಿಕೆ. ಅಲ್ಲಿಗೆ ಬಂದ ಅಷ್ಟು ವರ್ಷಗಳಲ್ಲಿ ಯಾರೂ ಆ ವಿಷಯದಲ್ಲಿ ಅವನಿಗೆ ಪರೀಕ್ಷೆ ಇಟ್ಟಿರಲಿಲ್ಲ, ಅಷ್ಟೇ.

"ಸೂಟ್‌ಕೇಸ್ ಟೂರಿಸ್ಟರಿಗೆ ಮೇಡಂ. ಮನೆಗೆ ಹೋಗುವವರಿಗೆ ಪೆಟ್ಟಿಗೆ. ಮಗಳು ತವರಿಗೆ ಬರಿಗೈಯಲ್ಲಿ ಹೋಗ್ಲಿಕ್ಕುಂಟಾ? ನೀವು ಸುಮ್ಮನೆ ಇರಿ, ನಾನು ಕಟ್ಟಿ ಕೊಡ್ತೇನೆ."

ಇಷ್ಟು ಧಾರಾಳವಾಗಲು ಅವನಿಗೆ ಸ್ವಂತ ಕಾರಣವೂ ಇತ್ತು. ಮೇಡಮ್ಮಿನ ಪ್ರವಾಸ ಹತ್ತು ದಿನದ್ದು. ಅವರು ಬಂದ ಮರುದಿನವೇ ಲತೇಶ ಊರಿಗೆ ಹಾರಬೇಕು. ತಾಯಿಯಿಲ್ಲದ ಅವನನ್ನು ಸಾಕಿದ್ದು ಅಕ್ಕ. ಆ ಅಕ್ಕನ ಮಗಳು ಅಶ್ವಿತಾಳ ನಿಶ್ಚಿತಾರ್ಥ ಸೋದರಮಾವನಿಗೆ ರಜೆ ಸಿಗದ ಕಾರಣಕ್ಕೇ ಎರಡು ಸಲ ಮುಂದೆ ಹೋಗಿತ್ತು. ಉದ್ದ ರಜೆಯ ದಿನಗಳಲ್ಲಿ ಮೇಡಂ, ಲತೇಶ ಇಬ್ಬರಲ್ಲಿ ಒಬ್ಬರು ಸೀಟಿನಲ್ಲಿ ಇರಲೇಬೇಕು ಎಂಬುದು ಪರ್ಸನೆಲ್ ಮ್ಯಾನೇಜರ್ ಜೋವಿನನ ಕಟ್ಟಪ್ಪಣೆ. ಜೋವಿನ್ ಕೂಡ ಲತೇಶನ ಹಾಗೆ ಕುಂದಾಪುರದ ಕಡೆಯವನೇ ಆದ್ದರಿಂದ ಅವನ ಮುಂದೆ ಊರಿನವರ ಆಟ ಯಾವುದೂ ನಡೆಯುತ್ತಿರಲಿಲ್ಲ.

ಮೇಡಂ, ಲತೇಶ ಇಬ್ಬರೂ ಅರ್ಧ ದಿನ ರಜೆ ಹಾಕಿ ದೋಹಾ ಅಲ್ ಜದೀದಾದ ಅಂಗಡಿಗಳಿಗೆ ನುಗ್ಗಿದರು. ಖರ್ಜೂರ, ಬಾದಾಮಿ, ಹಾಲಿನ ಪುಡಿ, ಸೆಂಟಿನ ಬಾಟಲಿ, ಹುಲಿಯ ಚಿತ್ರದ ದಪ್ಪ ಕಂಬಳಿ. ನೋವಿನ ಮುಲಾಮಿನ ಮುಂದೆ ಮೇಡಂ ತಡೆದರು.

"ಅಮ್ಮನಿಗೆ ನೋವು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲವಲ್ಲ."

"ಅಮ್ಮ ಅಂದ ಮೇಲೆ ಮಂಡಿನೋವು ಇದ್ದೇ ಇರ್ತದೆ ಮೇಡಂ. ಅದಕ್ಕೆ ಟೆಸ್ಟ್ ಎಲ್ಲ ಬೇಡ," ಎಂದು ಲತೇಶ ನಾಲ್ಕು ಡಬ್ಬಿ ಎತ್ತಿಕೊಂಡ.

ಪೆಟ್ಟಿಗೆ ಕಟ್ಟಲು ಮುಐದರ್ ಬಡಾವಣೆಯಲ್ಲಿ ಲತೇಶನಿದ್ದ ವಿಲ್ಲಾಕ್ಕೇ ಬರಬೇಕಾಯಿತು. ಒಂದೇ ವಿಲ್ಲಾವನ್ನು ಪ್ಲೈವುಡ್ ಗೋಡೆಗಳಿಂದ ಹೋಳು ಮಾಡಿ ಮೂರು ಬಿಡಾರ ಮಾಡಿದ್ದರು. ಒಂದರಲ್ಲಿ ಲತೇಶ. ಇನ್ನೊಂದರಲ್ಲಿ ಸುರತ್ಕಲ್ಲಿನ ಪೂವಕ್ಕ. ಮೂರನೆಯದರಲ್ಲಿ ಗ್ಯಾಸ್ ಕಂಪನಿಯ ನೀಲಕಂಠಪ್ಪ ಮತ್ತು ಅವರ ಹೆಂಡತಿ ಮಹಾದೇವಕ್ಕ, ಬಾಗಲಕೋಟೆಯವರು. ಪ್ಲೈವುಡ್ಡಿನಲ್ಲಿ ಗುಟ್ಟು ನಿಲ್ಲುವುದಿಲ್ಲ. ಲತೇಶ ರಟ್ಟಿನ ಪೆಟ್ಟಿಗೆ ಬಿಡಿಸುವಷ್ಟರಲ್ಲಿ ಮೂವರೂ ಒಳಗಿದ್ದರು.

"ಏನ್ರೀ ಲತೇಶ," ಎಂದರು ನೀಲಕಂಠಪ್ಪ ಎಲ್ಲ ಕೇಳಿಯಾದ ಮೇಲೆ. "ಹೆಣ್ಣುಮಗಳು ತವರಮನಿಗೆ ಹೊಂಟಾಳ, ಉಡಿ ತುಂಬದ ಹ್ಯಾಂಗ ಕಳಸ್ತೀರಿ? ನಮ್ಮ ಮಾನ ಏನಾತು?"

ಮಹಾದೇವಕ್ಕ ಆಗಲೇ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆಯ ಖಣ ತಂದಿದ್ದರು. ಮೇಡಮ್ಮನ್ನು ಮಂಚದ ಮೇಲೆ ಕೂರಿಸಿ, ಹಣೆಗೆ ಕುಂಕುಮ ಇಟ್ಟು, ಪ್ಯಾಂಟಿಗೆ ಸೆರಗು ಇಲ್ಲವೆಂದು ಟವೆಲ್ಲು ಹರಡಿ ಉಡಿ ತುಂಬಿಯೇಬಿಟ್ಟರು. ಮೇಲಿಂದ ಶೇಂಗಾ ಹೋಳಿಗೆಯ ದೊಡ್ಡ ಡಬ್ಬಿ ಪೆಟ್ಟಿಗೆಗೆ ಇಳಿಯಿತು.

ಪೂವಕ್ಕ ಬಿಡುತ್ತಾರೆಯೇ? ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ತಂದರು. ಬುಸಾನ್ ಮೀನಿನ ಬಂದರು ಎಂದು ಮೇಡಮ್ಮಿನಿಂದ ತಿಳಿದದ್ದೇ ತಡ, ಒಣ ಸೀಗಡಿಯ ಪೊಟ್ಟಣವನ್ನೂ ತಂದರು. "ಮೀನು ತಿನ್ನುವವರಾ? ಹಾಗಾದ್ರೆ ನಮ್ಮವರೇ ಆಯ್ತಲ್ಲ!"

ನೀಲಕಂಠಪ್ಪ ಕೊರಳಿನ ಲಿಂಗದ ಕಾಯಿಯನ್ನು ಮುಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. "ಪೂವಕ್ಕಾರ, ನಮ್ಮ ಹೋಳಿಗಿ ಇದ್ದ ಪೆಟ್ಟಿಗ್ಯಾಗ ಮೀನಾ? ಅದೇನು ನಡಿಯಂಗಿಲ್ಲ ನೋಡ್ರಿ."

"ಅದು ಒಣಗಿ ಆರು ತಿಂಗಳಾಯ್ತು ಮಾರಾಯ್ರೆ, ಈಗ ಅದು ಮೀನೂ ಅಲ್ಲ ಎಂತದೂ ಅಲ್ಲ."

ಜಗಳ ಪ್ಲೈವುಡ್ ಅಲುಗುವ ಮಟ್ಟಕ್ಕೆ ಹೋಯಿತು. ಕೊನೆಗೆ ಹುಲಿಯ ಕಂಬಳಿಯನ್ನು ನಡುವೆ ಗೋಡೆಯಂತೆ ನಿಲ್ಲಿಸಿ, ಆ ಕಡೆ ಬಾಗಲಕೋಟೆ, ಈ ಕಡೆ ಸುರತ್ಕಲ್ ಎಂದು ಲತೇಶ ಪಂಚಾಯಿತಿ ಮುಗಿಸಿದ. ಮೇಡಂ ಏನೂ ಅರ್ಥವಾಗದೆ, ಆದರೆ ಯಾರೂ ತಮ್ಮನ್ನು ಇಷ್ಟು ಬೈದಾಡಿಕೊಂಡು ಎಲ್ಲಿಗೂ ಕಳಿಸಿರಲಿಲ್ಲ ಎಂಬಂತೆ ಕಣ್ಣರಳಿಸಿ ಕುಳಿತಿದ್ದರು.

ತೂಕಕ್ಕೆ ನೀಲಕಂಠಪ್ಪನವರ ತೂಕದ ಯಂತ್ರ ಬಂತು. ಲತೇಶ ಮೊದಲು ಸೂಟ್‌ಕೇಸನ್ನು, ಆಮೇಲೆ ಪೆಟ್ಟಿಗೆಯನ್ನು ಅದರ ಮೇಲಿಟ್ಟು, ಬಗ್ಗಿ ಮುಳ್ಳು ನೋಡಿ ಕೂಡಿದ. ಸರಿಯಾಗಿ ಮಿತಿಯೊಳಗೇ ಇತ್ತು. "ನೋಡಿದ್ರಾ ಮೇಡಂ? ಕೈಯಂದಾಜು!" ಎಂದು ಮೀಸೆ ತಿರುವಿದ.

ಕಟ್ಟಲು ಹಗ್ಗವಿರಲಿಲ್ಲ. ಅವನು ತಾರಸಿಗೆ ಓಡಿ ಬಟ್ಟೆ ಒಣಹಾಕುವ ನೀಲಿ ನೈಲಾನ್ ಹಗ್ಗವನ್ನೇ ಬಿಚ್ಚಿದ. ಪೂವಕ್ಕನ ಸೀರೆ ಪಕ್ಕದ ಮನೆಯ ಕಾಂಪೌಂಡಿಗೂ, ನೀಲಕಂಠಪ್ಪನವರ ಪಟ್ಟಾಪಟ್ಟಿ ಚಡ್ಡಿ ನೇರ ರಸ್ತೆಗೂ ಇಳಿದವು. ಬೈಗುಳ ತುಳುವಿನಲ್ಲೂ ಬಂತು, ಬಾಗಲಕೋಟೆಯ ಭಾಷೆಯಲ್ಲೂ ಬಂತು. ಲತೇಶ ತಲೆ ಎತ್ತದೆ ಕಟ್ಟಿದ. ಒಮ್ಮೆ ಅಡ್ಡ, ಒಮ್ಮೆ ಉದ್ದ, ಹಿಡಿಯಲು ಎರಡು ಕುಣಿಕೆ. ವಿಮಾನದಿಂದ ಎಸೆದರೂ ಬಿಚ್ಚದಂಥ ಕಟ್ಟು.

"ಈಗ ಹೆಸರು ಬರೀಬೇಕು," ಎಂದು ಮಾರ್ಕರ್ ತೆಗೆದ. "ದೊಡ್ಡ ಅಕ್ಷರದಲ್ಲಿ, ಹೆಸರು ಮತ್ತು ಊರು. ನಾವೆಲ್ಲ ಹಾಗೇ ಬರೆಯುವುದು."

ಮೇಡಂ ಮಾರ್ಕರನ್ನು ಅವನ ಕೈಯಿಂದ ತೆಗೆದುಕೊಂಡರು. ಆಮೇಲೆ ಮಂಡಿಯೂರಿ, ಹೊಸದಾಗಿ ಕಲಿತ ಕೊರಿಯನ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿದರು.

"ಮಿ-ಯಂಗ್. ಬುಸಾನ್," ಎಂದು ಓದಿ ಹೇಳಿದರು. "ಅಮ್ಮ ಇಟ್ಟ ಹೆಸರು. ಇವತ್ತಿನವರೆಗೆ ಎಲ್ಲೂ ಬರೆದಿರಲಿಲ್ಲ."

"ಚಂದ ಉಂಟು ಅಕ್ಷರ," ಎಂದು ಪೂವಕ್ಕ ಮೂಗು ಒರೆಸಿಕೊಂಡರು. ತನ್ನ ಹಗ್ಗದ ಕಟ್ಟಿನ ನಡುವೆ ಆ ಹೆಸರು ಕುಳಿತ ರೀತಿ ನೋಡಿ ಲತೇಶನಿಗೆ, ತಾನು ಜೀವಮಾನದಲ್ಲಿ ಕಟ್ಟಿದ ಪೆಟ್ಟಿಗೆಗಳಲ್ಲೆಲ್ಲ ಇದೇ ದೊಡ್ಡದು ಎನ್ನಿಸಿತು.

ಏರ್‌ಪೋರ್ಟಿನ ದಾರಿಯಲ್ಲಿ ವಾಹನಗಳು ಹೆಪ್ಪುಗಟ್ಟಿ ನಿಂತಿದ್ದವು. ಗುರುವಿಗೆ ಇನ್ನಷ್ಟು ಪಾಠ ಹೇಳಲು ಹೊತ್ತು ಸಿಕ್ಕಿತು.

"ಊರಲ್ಲಿ ಸಿಕ್ಕಿದವರೆಲ್ಲ ಎರಡೇ ಪ್ರಶ್ನೆ ಕೇಳುವುದು ಮೇಡಂ. ಯಾವಾಗ ಬಂದದ್ದು, ಯಾವಾಗ ಹೋಗುವುದು. ಮೊದಲನೆಯದಕ್ಕೆ ಉತ್ತರ ಕೊಡಿ. ಎರಡನೆಯದಕ್ಕೆ ಸುಮ್ಮನೆ ನಗಾಡಿ."

"ನಿಜವಾಗಿಯೂ ವಾಪಸ್ ಬರಲು ಮನಸ್ಸಾಗದಿದ್ದರೆ?"

ಇಲ್ಲಿ ಲತೇಶ ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ಆದರೆ ಗುರುವಾದ ಅಮಲಿನಲ್ಲಿದ್ದವನಿಗೆ ನಾಲಿಗೆ ಎಲ್ಲಿದೆಯೆಂದೇ ನೆನಪಿರಲಿಲ್ಲ.

"ಅದಕ್ಕೆ ಜ್ವರ ಉಂಟಲ್ಲ! ಹೊಟ್ಟೆನೋವು ಅಂತ ಹೇಳಬಾರದು, ಜೋವಿನ್ ಸ್ಕ್ಯಾನಿಂಗ್ ಕೇಳ್ತಾನೆ. ಜ್ವರ ಮರ್ಯಾದೆಯ ಕಾಯಿಲೆ. ಬೆಳಿಗ್ಗೆ ಎದ್ದು, ನೀರು ಕುಡಿಯುವ ಮೊದಲೇ ಫೋನ್ ಮಾಡಬೇಕು. ಆಗ ಗಂಟಲು ತಾನಾಗಿ ಒಡೆದಿರ್ತದೆ. ಎರಡು ವಾರ ಖಂಡಿತ."

ಮೇಡಂ ಬಿದ್ದು ಬಿದ್ದು ನಕ್ಕರು. ಲತೇಶನೂ ನಕ್ಕ.

ಕೌಂಟರಿನಲ್ಲಿ ಪೆಟ್ಟಿಗೆ ತೂಗಿದ ಹುಡುಗಿ ನಗಲಿಲ್ಲ. ಪೆಟ್ಟಿಗೆ, ಸೂಟ್‌ಕೇಸು ಎರಡೂ ಸೇರಿ ಮಿತಿ ಮೀರಿತ್ತು. ಲತೇಶ ಗಾಬರಿಯಿಂದ ನೀಲಕಂಠಪ್ಪನವರಿಗೆ ಫೋನ್ ಮಾಡಿದ.

"ನಿಮ್ಮ ಯಂತ್ರ ಸರಿ ಉಂಟಾ ಸಾರ್?"

ಆ ಕಡೆ ದನಿ ಪಿಸುಗುಟ್ಟಿತು. "ತಮ್ಮಾ, ನಮ್ಮಕಿ ಮುಂದ ಹೇಳಬ್ಯಾಡ. ಆಕಿ ದಿನಾ ನನ್ನ ತೂಕ ನೋಡ್ತಾಳ. ಅದಕ್ಕ ಮುಳ್ಳು ಒಂದೀಟು ಹಿಂದ ತಿರುವಿ ಇಟ್ಟೀನಿ."

ಹಗ್ಗ ಬಿಚ್ಚಿ ಏನಾದರೂ ತೆಗೆಯೋಣವೆಂದು ಲತೇಶ ಬಗ್ಗಿದ. ಮೇಡಂ ಪೆಟ್ಟಿಗೆಯ ಮೇಲೆ ಕೈ ಇಟ್ಟರು. "ಇದರಿಂದ ಒಂದು ಹಪ್ಪಳವೂ ಹೊರಗೆ ಬರಬಾರದು." ಅವರು ಸೂಟ್‌ಕೇಸನ್ನು ಎತ್ತಿ ಅವನ ಕೈಗಿತ್ತರು. "ಇದನ್ನು ನೀನು ಇಟ್ಟುಕೋ."

"ಅದರಲ್ಲಿ ನಿಮ್ಮ ಬಟ್ಟೆಯಲ್ಲವಾ ಮೇಡಂ?"

"ಸೂಟ್‌ಕೇಸ್ ಟೂರಿಸ್ಟರಿಗೆ ಅಂತ ನೀನೇ ಹೇಳಿದೆ. ನಾನು ಅಮ್ಮನ ಬಟ್ಟೆ ಹಾಕಿಕೊಳ್ತೇನೆ."

ಪೆಟ್ಟಿಗೆ ಬೆಲ್ಟಿನ ಮೇಲೆ ತೇಲಿ ಹೋಯಿತು. ಮೇಡಂ ಬರಿಗೈ ಬೀಸಿಕೊಂಡು, ಕುಂಕುಮ ಅಳಿಸಿಕೊಳ್ಳದೆ ಒಳಗೆ ನಡೆದರು. ಹೆಂಗಸಿನ ಸೂಟ್‌ಕೇಸ್ ಎಳೆದುಕೊಂಡು ವಿಲ್ಲಾಕ್ಕೆ ಬಂದ ಲತೇಶನನ್ನು ನೋಡಿ ಪೂವಕ್ಕ ಕೇಳಿದ ಪ್ರಶ್ನೆಗಳು ಇಲ್ಲಿ ಬೇಡ.

ಹತ್ತನೆಯ ದಿನದ ಹೊತ್ತಿಗೆ ಲತೇಶನ ಸ್ವಂತ ಪೆಟ್ಟಿಗೆ ಸಿದ್ಧವಾಗಿತ್ತು. ಅಶ್ವಿತಾಳಿಗೆಂದು ತಂದ ಸೀರೆ ಎಲ್ಲಕ್ಕೂ ಮೇಲೆ ಇಟ್ಟು, ಹಗ್ಗ ಬಿಗಿದು, ಹೆಸರು ಬರೆದಾಗಿತ್ತು. ಬೆಳಿಗ್ಗೆ ಫೋನಿಗೆ ಒಂದು ಫೋಟೋ ಬಂತು. ಹೂಹೂವಿನ ಸಡಿಲ ಪೈಜಾಮ ತೊಟ್ಟ ಇಬ್ಬರು ಹೆಂಗಸರು, ಒಬ್ಬರು ಮುದುಕಿ, ಒಬ್ಬರು ಮೇಡಂ. ಅದೇ ಮೂಗು, ಅದೇ ಕೆನ್ನೆ. ಮುದುಕಿ ಪೂವಕ್ಕನ ಉಪ್ಪಿನಕಾಯಿಯನ್ನು ಊಟದ ಕಡ್ಡಿಗಳಲ್ಲಿ ಹಿಡಿದು ಮಗಳ ಬಾಯಿಗಿಡುತ್ತಿದ್ದರು. ಮಂಡಿಯ ಪಕ್ಕದಲ್ಲಿ ಮುಲಾಮಿನ ಡಬ್ಬಿ ಬಾಯಿ ತೆರೆದುಕೊಂಡಿತ್ತು.

"ನೋಡಿ, ನೋಡಿ!" ಎಂದು ಲತೇಶ ಮೂರೂ ಬಿಡಾರಕ್ಕೆ ಫೋನ್ ಹಿಡಿದು ಓಡಿದ. ಹೆಮ್ಮೆಯಿಂದ ಅವನ ಕಾಲು ನೆಲದ ಮೇಲಿರಲಿಲ್ಲ. ಅಷ್ಟರಲ್ಲಿ ಜೋವಿನನ ಫೋನ್ ಬಂತು.

"ಲತೇಶ, ನಿನ್ನ ಮೇಡಮ್ಮಿಗೆ ಜ್ವರ ಅಂತೆ ಮಾರಾಯ. ಈಗ ಫೋನ್ ಮಾಡಿದ್ರು. ಗಂಟಲು ಪೂರ್ತಿ ಒಡೆದಿದೆ. ಎರಡು ವಾರ ಬೇಕಂತೆ."

ಲತೇಶ ಇದ್ದಲ್ಲೇ ಕುಳಿತ.

"ಈ ಜ್ವರ ನಾನು ಎಲ್ಲೋ ನೋಡಿದ್ದೇನೆ," ಎಂದು ಜೋವಿನ್ ಮುಂದುವರಿಸಿದ. "ನಿನಗೆ ಪ್ರತಿ ರಜೆಯಲ್ಲೂ ಬರುವಂಥದ್ದು. ಅದಕ್ಕೆ ನಿನ್ನನ್ನೇ ಕೇಳುವುದು, ನೀನು ಎಕ್ಸ್‌ಪರ್ಟ್ ಅಲ್ವಾ? ಇದು ಸುಳ್ಳು ಅಂತ ಒಂದು ಮಾತು ಹೇಳು. ನಾಳೆಯೇ ಅವರನ್ನು ಕರೆಸ್ತೇನೆ, ನೀನು ಊರಿಗೆ ಹೋಗು. ನಿಜ ಆದ್ರೆ ನಿನ್ನ ರಜೆ ಖಲಾಸ್. ಹೇಳು, ನಿಜವಾ ಸುಳ್ಳಾ?"

ಲತೇಶ ತನ್ನ ಪೆಟ್ಟಿಗೆಯನ್ನು ನೋಡಿದ. ಫೋಟೋದಲ್ಲಿ ಬಾಯಿ ತೆರೆದು ಕುಳಿತ ನಲವತ್ತಾರರ ಕೂಸನ್ನು ನೋಡಿದ.

"ನಿಜ ಸರ್," ಎಂದ. "ಅಲ್ಲಿಯ ಹವೆಗೆ ಹಾಗೆ ಬರ್ತದೆ. ಎರಡು ವಾರ ಕದಲಬಾರದು."

"ನೀನು ದೊಡ್ಡ ಮನುಷ್ಯ ಮಾರಾಯ," ಎಂದು ಜೋವಿನ್ ಫೋನ್ ಇಟ್ಟ. ಆ ಬಿರುದಿಗೆ ರಜೆಯೇನೂ ಅಂಟಿಕೊಂಡು ಬರಲಿಲ್ಲ.

ಉಳಿದದ್ದು ಅಕ್ಕ. ಮೂರನೆಯ ಸಲ ನಿಶ್ಚಿತಾರ್ಥ ಮುಂದೆ ಹಾಕು ಎಂದು ಅವಳಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಮರುದಿನ ಬೆಳಿಗ್ಗೆ ಎದ್ದವನೇ ನೀರೂ ಕುಡಿಯದೆ ಫೋನ್ ಹಚ್ಚಿದ.

"ಅಕ್ಕ, ಬರ್ಲಿಕ್ಕೆ ಆಗುವುದಿಲ್ಲ," ಎಂದು ನರಳಿದ. "ಜ್ವರ. ಎರಡು ವಾರ ಏಳಬಾರದಂತೆ."

"ನೀರು ಕುಡಿದು ಮಾತಾಡು," ಎಂದಳು ಅಕ್ಕ.

"ಹಾಂ?"

"ನೀರು ಕುಡಿಯುವ ಮೊದಲು ಫೋನ್ ಮಾಡು, ಗಂಟಲು ಒಡೆದಿರ್ತದೆ ಅಂತ ನಿನಗೆ ಕಲಿಸಿದ್ದು ಯಾರು? ಕಂಪನಿಗೆ ಹೇಳುವ ಜ್ವರ ನನಗೆ ಹೇಳ್ತೀಯಾ? ಎಂತ ಸಂಗತಿ, ಸರಿಯಾಗಿ ಹೇಳು."

ಲತೇಶ ನೀರು ಕುಡಿದು, ಸೂಟ್‌ಕೇಸಿನಿಂದ ಹಿಡಿದು ಉಪ್ಪಿನಕಾಯಿಯವರೆಗೆ ಎಲ್ಲ ಒಪ್ಪಿಸಿದ. ಬೈಗುಳಕ್ಕೆ ಕಿವಿ ಸಿದ್ಧಮಾಡಿಕೊಂಡು ಕಾದ.

"ತಾಯಿ ಮಗಳು ಎಷ್ಟು ವರ್ಷದ ಮೇಲೆ ಸಿಕ್ಕಿದ್ದು ಅಂತ ಹೇಳಿದೆ?"

"ನಲವತ್ತಾರು."

"ಹಾಗಾದ್ರೆ ಎರಡು ವಾರ ಎಲ್ಲಿಗೆ ಸಾಕು ಮಾರಾಯ? ಜ್ವರ ಬಿಟ್ಟ ಮೇಲೆ ಇನ್ನೊಂದು ವಾರ ಕೆಮ್ಮು ಅಂತ ಹೇಳಲಿಕ್ಕೆ ಹೇಳು ಅವರಿಗೆ. ನಿಶ್ಚಿತಾರ್ಥ ನಾನು ಮುಂದಿನ ತಿಂಗಳಿಗೆ ಹಾಕಿಸ್ತೇನೆ."