ದೊಡ್ಡವ್ವನ ಕಿವಿಗೆ ಅಂಟಿಸಿದ ಫೋನು

ಕೆಟ್ಟ ಸುದ್ದಿ ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಅದು ನನ್ನಲ್ಲಿ ಎಳ್ಳಷ್ಟೂ ಇಲ್ಲ. ಒಮ್ಮೆ ಪಕ್ಕದ ಮನೆಯವರು ಬೀಗರೂರಿಗೆ ಹೋಗಿದ್ದಾಗ ಅವರ ಎಮ್ಮೆ ಸತ್ತು, ಅದನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಹೋದೆ, ಮಳೆ ಬೆಳೆ ವಿಚಾರಿಸಿದೆ, ಕಾಫಿ ಕುಡಿದೆ, "ನಿಮ್ಮ ಎಮ್ಮೆ ಹಾಲು ಬಹಳ ಗಟ್ಟಿ ಇತ್ತು ಕಣ್ರಿ" ಎಂದಷ್ಟೇ ಹೇಳಿ ಎದ್ದು ಬಂದೆ. ಚಳ್ಳಕೆರೆ ಬಸ್ ನಿಲ್ದಾಣದ ಹತ್ತಿರ ಪೆನ್ನು, ಪುಸ್ತಕ ಮಾರಿಕೊಂಡಿರುವ ನನಗೆ ದೇವರು ಕೊಟ್ಟಿರುವ ಧೈರ್ಯ ಅಷ್ಟೇ.

ಇಂಥವನಿಗೆ ಡಿಸೆಂಬರ್ ಕೊನೆಯ ವಾರದಲ್ಲಿ ಒಂದು ಫೋನ್ ಬಂತು. ಪರಶುರಾಂಪುರದ ತಿಪ್ಪಣ್ಣ ಮಾವ, ನಮ್ಮ ಅವ್ವನ ತಮ್ಮ, ಬೆಳಿಗ್ಗೆ ಕುರಿ ರೊಪ್ಪದ ಬಾಗಿಲು ತೆಗೆಯಲು ಹೋದವನು ಅಲ್ಲೇ ಕುಸಿದು ಹೋಗಿಬಿಟ್ಟಿದ್ದ. ಮಾವನ ಮಗ ಅಳುತ್ತಲೇ ಹೇಳಿದ, "ಕೊಂಡ್ಲಹಳ್ಳಿ ಅತ್ತೆಗೆ ಫೋನಿನಾಗೆ ಹೇಳ್ಬ್ಯಾಡ ಕಣಲೇ, ಬಿಪಿ ಐತೆ. ನೀನೇ ಹೋಗಿ, ಹತ್ರ ಕುಂತು ಹೇಳಿ, ಕರ್ಕೊಂಡು ಬಾ." ಅವನ ಅತ್ತೆ ಎಂದರೆ ನನ್ನ ದೊಡ್ಡವ್ವ, ಮಾವನ ಹಿರಿಯಕ್ಕ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಚಪ್ಪಲಿ ಮೆಟ್ಟುವಷ್ಟರಲ್ಲಿ ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪು ಟಣ್ ಎಂದಿತು. ಯಾವನೋ ಪುಣ್ಯಾತ್ಮ ಮಾವನ ಫೋಟೊಗೆ ಹಾರ ಹಾಕಿ, ಎರಡು ದೀಪ ಹಚ್ಚಿ, "ಓಂ ಶಾಂತಿ" ಎಂದು ಬಿಟ್ಟೇಬಿಟ್ಟಿದ್ದ. ಅದರ ಕೆಳಗೆ ಇನ್ನೊಬ್ಬ, ಏನನ್ನೂ ನೋಡದೆ, ಕುಣಿಯುವ ಬಲ್ಬುಗಳ ಸಮೇತ "ಹೊಸ ವರ್ಷದ ಮುಂಗಡ ಶುಭಾಶಯಗಳು" ಹಾಕಿದ್ದ. ಅದಕ್ಕೆ ಮೂವರು ಕೈ ಮುಗಿದಿದ್ದರು, ಯಾವುದಕ್ಕೆ ಮುಗಿದರೋ ಗೊತ್ತಾಗಲಿಲ್ಲ.

ಆ ಗುಂಪಿನಲ್ಲಿ ದೊಡ್ಡವ್ವನೂ ಇದ್ದಾಳೆ! ದೀಪಾವಳಿಗೆ ಮೊಮ್ಮಗ ಕೊಡಿಸಿದ ಫೋನಿನಲ್ಲಿ ಅವಳಿಗೆ ಅಕ್ಷರ ಬೇಕಿಲ್ಲ, ಫೋಟೊ ಸಾಕು. ಮಗ, ಸೊಸೆ ಹೊಲಕ್ಕೆ ಹೊರಟ ಮೇಲೆ ಕಟ್ಟೆಯ ಮೇಲೆ ಕೂತು, ಕನ್ನಡಕ ಏರಿಸಿ ಒಂದೊಂದೇ ನೋಡುತ್ತಾಳೆ. ಹಾರ ಹಾಕಿದ ತಮ್ಮನ ಮುಖ ಒಬ್ಬಳೇ ಕೂತು ನೋಡಿಬಿಟ್ಟರೆ? ಅಯ್ಯೋ ದೇವರೇ!

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಕಿವಿಗೆ ಹಿಡಿದ ಫೋನನ್ನು ಕಣ್ಣಿನ ಮುಂದೆ ಹಿಡಿಯಲು ಬರುವುದಿಲ್ಲವಲ್ಲ! ಕೊಂಡ್ಲಹಳ್ಳಿ ಮುಟ್ಟುವ ತನಕ ಅವಳನ್ನು ಮಾತಿನಲ್ಲಿ ಇಟ್ಟರಾಯಿತು. ಬಸ್ ಹತ್ತುತ್ತಲೇ ಫೋನ್ ಹಚ್ಚಿದೆ.

"ದೊಡ್ಡವ್ವಾ, ಚೆನ್ನಾಗಿದ್ದೀಯಾ?"

"ಯಾರು, ನೀನಾ? ಇದೇನು ಅಪರೂಪ!"

ಮಂಡಿನೋವು ಕೇಳಿದೆ. ಮೇಕೆ ಕೇಳಿದೆ. ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕೆಂದು ಕೇಳಿದೆ. ಅಷ್ಟರಲ್ಲಿ ಕಂಡಕ್ಟರ್ ಬಂದು "ಎಲ್ಲಿಗೆ?" ಎಂದ. ಬಾಯಿಬಿಟ್ಟರೆ ಅವಳಿಗೆ ಕೇಳಿಸುತ್ತದೆ. ಮುಂದಕ್ಕೆ ಎಂದು ಕೈ ಮಾಡಿದೆ. "ತಳಕಾ?" ಅಲ್ಲವೆಂದು ತಲೆಯಾಡಿಸಿದೆ. "ಮೊಳಕಾಲ್ಮೂರಾ?" ಮತ್ತೆ ತಲೆಯಾಡಿಸಿದೆ. ಕೊನೆಗೆ ಜೇಬಿನಲ್ಲಿದ್ದ ಒಂದು ಚೀಟಿಯ ಹಿಂದೆ ಬರೆದು ತೋರಿಸಿದರೆ, ಆ ಮಹಾನುಭಾವ ಇಡೀ ಬಸ್ಸಿಗೆ ಕೇಳುವಂತೆ, "ಕೊಂಡ್ಲಹಳ್ಳಿ ಅಂತ ಬಾಯಿಬಿಟ್ಟು ಹೇಳಾಕೆ ಏನ್ರೀ ಕಷ್ಟ?" ಎಂದ. ಆ ಕಡೆ ದೊಡ್ಡವ್ವ, "ಹೂಂ, ಬೆಳ್ಳುಳ್ಳಿ ಜಾಸ್ತೀನೇ ಹಾಕ್ಬೇಕು" ಎಂದಳು. ಸದ್ಯ ಕೇಳಿಸಿಲ್ಲ ಎಂದುಕೊಂಡೆ.

ತಳಕು ದಾಟುತ್ತಲೇ ಕರೆ ಕಟ್ಟಾಯಿತು. ಮತ್ತೆ ಮತ್ತೆ ಒತ್ತಿದೆ, ಬಿಜಿ ಬಿಜಿ ಎನ್ನುತ್ತಿದೆ. ಯಾರೋ ಹೇಳುತ್ತಿದ್ದಾರೆ, ಮುಗಿಯಿತು! ಪಕ್ಕದಲ್ಲಿದ್ದ ತಾತ ನನ್ನ ಮುಖ ನೋಡಿ, "ಏಮಪ್ಪಾ, ಹೆಂಡ್ತಿ ಮುನಿಸ್ಕೊಂಡ್ಲಾ?" ಎಂದು ಮರುಕಪಟ್ಟ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ದೊಡ್ಡವ್ವ! ಬಿಜಿ ಬಂದದ್ದು ಅವಳು ನನಗೇ ಹಚ್ಚುತ್ತಿದ್ದುದರಿಂದ.

"ಎತ್ಲಾಗೆ ಹೋದ್ಯೋ? ಮಾತಾಡು, ಮಾತಾಡು."

ಇನ್ನೇನು ಮಾತಾಡಲಿ? ಇದ್ದಬದ್ದದ್ದೆಲ್ಲ ಖಾಲಿಯಾಗಿತ್ತು. ಮುದ್ದೆ ಗಂಟಾಗದಂತೆ ತಿರುವುವುದು ಹೇಗೆ ಎಂದು ಕೇಳಿದೆ. ಅವಳು ಎಸರು ಇಡುವುದರಿಂದ ಶುರು ಮಾಡಿ ನಿಧಾನವಾಗಿ ಹೇಳಿದಳು. ಅರ್ಧಕ್ಕೆ ನಾನು ಹೂಂಗುಟ್ಟುವುದನ್ನೇ ಮರೆತಾಗ, "ಕೇಳಿಸ್ತೈತೇನು? ಇಲ್ಲೇ ಅದೀನಿ, ಹೆದರಬ್ಯಾಡ" ಎಂದಳು. ಮುದ್ದೆಗೆ ಯಾಕೆ ಹೆದರಬೇಕು ಎಂದು ಯೋಚಿಸುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ಬಸ್ಸಿಳಿದು ಓಡಿದೆ. ದೊಡ್ಡವ್ವ ಕಟ್ಟೆಯ ಮೇಲೆ, ಫೋನು ಇನ್ನೂ ಕಿವಿಯಲ್ಲೇ, ಒಗೆದ ಸೀರೆ ಉಟ್ಟು ಕೂತಿದ್ದಳು. ಪಕ್ಕದಲ್ಲಿ ಬಟ್ಟೆಯ ಕೈಚೀಲ, ಒಂದು ಚೊಂಬು ನೀರು.

"ಬಾ ಮಗ. ಮೊದ್ಲು ನೀರು ಕುಡಿ," ಎಂದಳು. ಕುಡಿದೆ. "ಈಗ ಹೇಳು. ತಿಪ್ಪಣ್ಣನಾ?"

ಚೊಂಬು ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಸಮಾಧಾನ ಹೇಳಲು ಹೋದವನ ಬೆನ್ನು ಸವರುತ್ತಾ ಅವಳೂ ಅತ್ತಳು.

"ಫೋಟೊ ನೋಡಿದ್ಯಾ ದೊಡ್ಡವ್ವಾ?"

"ಇಲ್ಲ ಕಣೋ. ಯಾರು ಸತ್ರೂ ಫೋನ್ ಮಾಡದೋನು ನೀನು, ಚಟ್ನಿ ಮಾಡಾದು ಕೇಳ್ತೀಯ ಅಂದ್ರೆ ತಿಳಿಯಲ್ವಾ? ಆ ಕಂಡಕ್ಟರ್ ಬ್ಯಾರೆ ಕೂಗಿದ. ನೀನೇ ಓಡಿ ಬರ್ತೀಯ ಅಂದ್ರೆ ನನ್ನ ತಮ್ಮನೇ ಇರ್ಬೇಕು ಅಂದ್ಕೊಂಡೆ. ಕರೆ ಕಟ್ಟಾದಾಗ ಫೋನಿನಾಗೆ ಫೋಟೊ ಏನಾರ ಬಂದೈತಾ ನೋಡಾನ ಅನ್ನಿಸ್ತು. ಒಬ್ಬಳೇ ನೋಡಿ ಏನ್ಮಾಡ್ಲಿ? ಹೆಂಗೂ ನೀನು ಬರ್ತಿದ್ದೀಯ, ಬಂದ್ಮ್ಯಾಲೆ ಅಳಾನ ಅಂತ ನಿಂಗೇ ಫೋನ್ ಹಚ್ಚಿದೆ."

ಮಣ್ಣು ಮುಗಿಸಿ ಬಂದ ಮೇಲೆ ನನಗೆ ಬಹಳ ನಾಚಿಕೆಯಾಯಿತು. ಹೊಸ ವರ್ಷದಿಂದ ಕಾರಣವಿಲ್ಲದಿದ್ದರೂ ಎಲ್ಲರಿಗೂ ಫೋನ್ ಮಾಡಿ ಕ್ಷೇಮ ಕೇಳಬೇಕೆಂದು ಹೆಂಡತಿಯ ಎದುರಿಗೇ ನಿರ್ಧಾರ ಮಾಡಿದೆ. ಜನವರಿ ಒಂದರ ಬೆಳಿಗ್ಗೆ, ಮನೆಯ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತು, ಮೊದಲ ಫೋನು ದೊಡ್ಡವ್ವನಿಗೇ ಹಚ್ಚಿದೆ.

"ದೊಡ್ಡವ್ವಾ, ಚೆನ್ನಾಗಿದ್ದೀಯಾ?"

ಆ ಕಡೆಯಿಂದ ನಡುಗುವ ದನಿ ಕೇಳಿತು.

"ಯಾರು ಹೋದ್ರೋ ಮಗ?"

"ಯಾರೂ ಇಲ್ಲ ದೊಡ್ಡವ್ವಾ. ಸುಮ್ನೆ ಮಾಡ್ದೆ."

"ಸುಳ್ಳು ಹೇಳ್ಬ್ಯಾಡ," ಎಂದಳು. "ಬಸ್ಸು ತಳಕು ದಾಟೈತಾ?"