ಕಾಡುಹಂದಿಗಳ ಕಡೆ ಒಂದು ಸೀಟು

ಬೇಸಿಗೆ ಹಬ್ಬದ ಲಾಟರಿ ಡಬ್ಬಿಯ ಹಿಡಿಕೆಯನ್ನು ತೊಕುಜಿ ತಿರುಗಿಸಿದ್ದೇ ತಪ್ಪಾಯಿತು. ಬೆಳಗಿನಿಂದ ಎಲ್ಲರಿಗೂ ಬಿಳಿ ಗೋಲಿ ಬಿದ್ದಿತ್ತು. ಅವನಿಗೆ ಕೆಂಪು ಗೋಲಿ ಬಿತ್ತು. ಮೊದಲ ಬಹುಮಾನ, ಅದೇ ಸಂಜೆಯ ಬೇಸ್‌ಬಾಲ್ ಪಂದ್ಯದ ಟಿಕೆಟ್! ಬಹುಮಾನದ ಗಂಟೆ ಬಾರಿಸಬೇಕಾಗಿದ್ದ ಮೀನಂಗಡಿಯ ಗೆಂಪಾಚಿ, ಎತ್ತಿದ ಗಂಟೆಯನ್ನು ಸದ್ದಾಗದಂತೆ ಕೆಳಗಿಟ್ಟ. ಅಂಗಡಿಬೀದಿಗೆ ಬೀದಿಯೇ ಸಾವಿನ ಮನೆಯಂತೆ ಸುಮ್ಮನಾಯಿತು.

ಕಾರಣವಿತ್ತು. ತೋಫು ಮಾಡಿ ಮಾರುವ ತೊಕುಜಿಯಷ್ಟು ಸಾಧು ಮನುಷ್ಯ ಹಮಗಾವಾ ಊರಲ್ಲಿ ಇನ್ನೊಬ್ಬನಿಲ್ಲ. ಆದರೆ ಪಾಪ, ಕಾಲ್ಗುಣ ಸರಿಯಿಲ್ಲ. ಊರಿನ ತಂಡವಾದ ಕೊಕ್ಕರೆಗಳ ಆಟಕ್ಕೆ ಅವನು ಹೋದಾಗಲೆಲ್ಲ ಕೊಕ್ಕರೆಗಳು ಸೋತಿವೆ. ಗೆಲ್ಲುತ್ತಿದ್ದ ಆಟದ ನಡುವೆ ಅವನು ಬಂದು ಕೂತರೂ ಸಾಕು, ಚೆಂಡು ಎಸೆಯುವವನ ಭುಜ ಉಳುಕುತ್ತದೆ. ಗೆದ್ದ ದಿನ ಕೊಕ್ಕರೆಗಳ ಜನ ಬಿಳಿ ಬಲೂನು ಊದಿ ಒಟ್ಟಿಗೆ ಆಕಾಶಕ್ಕೆ ಬಿಡುವುದುಂಟು. ಅಂಥದ್ದೊಂದು ಬಲೂನು ತೊಕುಜಿಯ ಜೇಬಿನಲ್ಲಿ ಎಷ್ಟೋ ವರ್ಷದಿಂದ ಮಡಿಸಿದ ಹಾಗೇ ಇತ್ತು. ಸಾಯುವುದರೊಳಗೆ ಒಮ್ಮೆ ಎಲ್ಲರ ಜತೆ ನಿಂತು ಅದನ್ನು ಹಾರಿಸಬೇಕು. ಅವನ ಆಸೆ ಅಷ್ಟೇ.

"ತೊಕುಜಿ-ಸಾನ್, ಬೇಜಾರು ಮಾಡ್ಕೋಬೇಡಿ," ಎಂದ ಗೆಂಪಾಚಿ. "ಟಿಕೆಟ್ ನಂಗೆ ಕೊಟ್ಬಿಡಿ. ಬದಲಿಗೆ ಇಡೀ ಕಲ್ಲಂಗಡಿ ತಗೊಳ್ಳಿ."

"ಕೊಡಲ್ಲ."

"ಎರಡು ಕಲ್ಲಂಗಡಿ!"

"ಇವತ್ತು ಹೋಗೇ ಹೋಗ್ತೀನಿ. ನಾನು ಬಂದ್ರೆ ಸೋಲ್ತಾರೆ ಅನ್ನೋದೆಲ್ಲ ಸುಳ್ಳು."

"ಸುಳ್ಳಾ? ಹೋದ ಬೇಸಿಗೇಲಿ ನಮ್ಮವರು ಒಂದೇ ಒಂದು ರನ್ ಹೊಡೆದದ್ದು ಯಾವಾಗ ಹೇಳಿ? ನೀವು ಎದ್ದು ಕಕ್ಕಸಿಗೆ ಹೋದಾಗ ತಾನೇ?"

ತೊಕುಜಿ ತಲೆ ತಗ್ಗಿಸಿದ. ಅದು ನಿಜವಾಗಿತ್ತು.

ಕ್ಷೌರದಂಗಡಿಯಲ್ಲಿ ಬೀದಿಯ ಹಿರಿಯರ ಸಭೆ ಸೇರಿತು. ಹೊರಗೆ ಬಂದ ಗೆಂಪಾಚಿಯ ಮುಖ ಆಗಷ್ಟೇ ಹಿಡಿದ ಮೀನಿನಂತೆ ಹೊಳೆಯುತ್ತಿತ್ತು. ಕೈಯಲ್ಲಿ ಎದುರಾಳಿ ತಂಡದ ಕಂದು ಅಂಗಿಯಿತ್ತು.

"ನೀವು ಹೋಗಿ. ಆದ್ರೆ ಎದುರು ಕಡೆ, ಕಾಡುಹಂದಿಗಳ ಜನದ ಮಧ್ಯೆ ಕೂತ್ಕೊಳ್ಳಿ. ಈ ಅಂಗಿ ಹಾಕ್ಕೊಂಡು ಅವರಿಗೇ ಜೈ ಅನ್ನಿ. ನಿಮ್ಮ ಕಾಲ್ಗುಣ ಅವರಿಗೆ ತಟ್ಟಲಿ!"

"ಮತ್ತೆ ನನ್ನ ಬಲೂನು?"

"ಆ ಕಡೆ ಕೂತು ಕೊಕ್ಕರೆ ಬಲೂನು ತೆಗೆದ್ರೆ ಎತ್ತಿ ಆಚೆ ಹಾಕ್ತಾರೆ. ಊರಿಗೋಸ್ಕರ, ತೊಕುಜಿ-ಸಾನ್!"

ಬೀದಿಯವರೆಲ್ಲ ಸೊಂಟ ಬಗ್ಗಿಸಿ ನಿಂತುಬಿಟ್ಟರು. ಹಾಗೆ ನಿಂತವರಿಗೆ ಯಾರು ತಾನೇ ಇಲ್ಲ ಎಂದಾರು?

ಸಂಜೆ ಕ್ರೀಡಾಂಗಣದ ಸುತ್ತ ಕಾಗದದ ದೀಪಗಳು ಹೊತ್ತಿಕೊಂಡವು. ಹುರಿದ ನೂಡಲ್ಸ್ ಘಮಘಮಿಸುತ್ತಿತ್ತು, ನಗಾರಿ ಮೊಳಗುತ್ತಿತ್ತು. ಬಾಗಿಲಲ್ಲಿ ಊರವರಿಗೆಲ್ಲ ಹಬ್ಬದ ಬಿಳಿ ಅಂಗಿ ಹಂಚುತ್ತಿದ್ದರು. ಕಂದು ಅಂಗಿ ತೊಟ್ಟ ತೊಕುಜಿಯೂ ಕೈ ಚಾಚಿದ. "ಇದು ನಮ್ಮ ಕಡೆಯವರಿಗೆ ಮಾತ್ರ," ಎಂದು ಹಂಚುವವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅವಳು ದಿನವೂ ಅವನ ಅಂಗಡಿಗೆ ಬರುವವಳೇ.

ಕಾಡುಹಂದಿಗಳ ಕಡೆ ಅವನ ಪಕ್ಕದ ಸೀಟಿನಲ್ಲಿ ಶಿಗೆಯೊ ಎಂಬ ಅಜ್ಜಿ. ಮೈತುಂಬ ಕಂದು ಬಟ್ಟೆ, ಕೈಯಲ್ಲಿ ಬಡಿಯಲು ಎರಡು ಪ್ಲಾಸ್ಟಿಕ್ ಕೋಲು.

"ಗಂಟಲಲ್ಲಿ ಏನು ಸಿಕ್ಕಿಕೊಂಡಿದೆ ನಿಂಗೆ? ಮನಸ್ಸಿಟ್ಟು ಕೂಗಯ್ಯ!" ಎಂದು ಗದರಿದಳು.

ತೊಕುಜಿ ಕೂಗಿದ. ಅವನು ಕೂಗಿದಾಗಲೆಲ್ಲ ಒಬ್ಬ ಕಾಡುಹಂದಿ ಔಟಾದ. ಹೀಗೆ ಎಳೆದಾಡಿಕೊಂಡು ಆಟ ಸಮಸಮವಾಗಿ ಕೊನೆಗೆ ಬಂತು. ಆಗ ಕೊಕ್ಕರೆಗಳ ಹುಡುಗನೊಬ್ಬ ಬೀಸಿ ಹೊಡೆದ ಚೆಂಡು ದೀಪದ ಕಂಬಗಳನ್ನೂ ದಾಟಿ ಹೋಯಿತು. ಹೋಮ್ ರನ್! ಕೊಕ್ಕರೆಗಳು ಗೆದ್ದಿದ್ದವು.

ಎದುರು ಬದಿಯಿಂದ ಬಿಳಿ ಬಲೂನುಗಳು ಒಟ್ಟಿಗೆ ಮೇಲೆದ್ದವು. ಗೆಂಪಾಚಿಯೂ ಅಲ್ಲೆಲ್ಲೋ ಕುಣಿಯುತ್ತಿದ್ದಿರಬೇಕು. ತೊಕುಜಿ ಜೇಬಿನೊಳಗೇ ತನ್ನದನ್ನು ಹಿಸುಕಿ ಹಿಡಿದ. ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೋ ಸಂಕಟಕ್ಕೋ ಅವನಿಗೇ ತಿಳಿಯಲಿಲ್ಲ. ಸೋತ ಅಜ್ಜಿಗಾದರೂ ಸಮಾಧಾನ ಹೇಳೋಣವೆಂದು ತಿರುಗಿದ. ಅವಳೂ ಅಳುತ್ತಿದ್ದಳು. ಅವಳ ಮುಷ್ಟಿಯಲ್ಲಿ ಮಡಿಸಿದ ಬಿಳಿ ಬಲೂನಿತ್ತು.

"ಅಜ್ಜೀ, ನೀವೂನಾ?"

"ಶ್, ಮೆಲ್ಲಗೆ! ನನ್ನನ್ನ ಇದೇ ಊರಿನ ಬಂದರು ಬೀದಿಯವರು ಕಳಿಸಿದ್ದು. ಕಾಲ್ಗುಣ ಸರಿ ಇಲ್ವಂತೆ."

"ಮತ್ತೆ ಅಷ್ಟು ಜೋರಾಗಿ ಕೂಗ್ತಿದ್ರಲ್ಲ?"

"ಮನಸ್ಸಿಟ್ಟು ಕೂಗಿದ್ರೆ ತಾನೇ ಅವರಿಗೆ ಚೆನ್ನಾಗಿ ತಟ್ಟೋದು? ಹೋದ ವರ್ಷ ಮಾತ್ರ ಯಾಕೋ ತಟ್ಟಲಿಲ್ಲ. ನಮ್ಮವರ ಕಡೆ ನನಗಿಂತ ದೊಡ್ಡ ದರಿದ್ರ ಯಾವುದೋ ಕೂತಿತ್ತು ಅಂತ ಕಾಣುತ್ತೆ."

ತೊಕುಜಿ ಬೇಗನೆ ಮಾತು ಬದಲಿಸಿದ: "ಅಂತೂ ಗೆಲ್ಲಿಸಿಕೊಟ್ವಲ್ಲ ಅಜ್ಜಿ, ಇನ್ಮೇಲಾದ್ರೂ ನಮ್ಮ ಕಡೆ ಕೂರೋಕೆ ಬಿಡ್ತಾರೆ, ಅಲ್ವಾ?"

ಅಜ್ಜಿ ಅವನನ್ನು ಮರುಕದಿಂದ ನೋಡಿದಳು. "ಮೊದಲನೇ ಸಲ ಗೆದ್ದಾಗ ನಾನೂ ಹಾಗೇ ಅಂದ್ಕೊಂಡೆ ಕಣಪ್ಪ. ಆವತ್ತೇ ಸೋತಿದ್ರೆ ಬಿಡ್ತಿದ್ರೋ ಏನೋ."

ಹೊರಬಾಗಿಲಲ್ಲಿ ಬೀದಿಯವರೆಲ್ಲ ಬಿಳಿ ಅಂಗಿಯಲ್ಲಿ ಕಾದಿದ್ದರು. ಬೆಳಗ್ಗೆ ಬಾರಿಸದ ಗಂಟೆಯನ್ನು ಗೆಂಪಾಚಿ ಈಗ ಕಿವಿ ಕಿವುಡಾಗುವಂತೆ ಬಾರಿಸುತ್ತಿದ್ದ. ಓಡಿ ಬಂದು ತೊಕುಜಿಯನ್ನು ಅಪ್ಪಿಕೊಂಡ.

"ಇನ್ಮೇಲೆ ಲಾಟರಿ ಗೀಟರಿ ಯಾವುದೂ ಬೇಡ, ತೊಕುಜಿ-ಸಾನ್! ಬೀದಿಯವರೆಲ್ಲ ಸೇರಿ ತೀರ್ಮಾನ ಮಾಡಿದೀವಿ. ಆ ಸೀಟು ನಿಮ್ದೇ, ಸಾಯೋವರೆಗೂ!"